ಒಪ್ಪಿಸಿದ ಒಡವೆ

ನಮ್ಮ ಹಳೆಯ ಧರ್ಮಶಾಸ್ತ್ರಕಾರರು ಜನರ ವ್ಯವಹಾರಗಳಲ್ಲಿ ಹುಟ್ಟುವ ವ್ಯಾಜ್ಯಗಳನ್ನು ಹದಿನೆಂಟು ಬಗೆಯಾಗಿ ವಿಂಗಡಿಸಿದರು. ಮನುವಿನ ಎಣಿಕೆಯಲ್ಲಿ ಮೊದಲನೆಯದು ಸಾಲ, ಎರಡನೆಯದು ನಿಕ್ಷೇಪ. ನಿಕ್ಷೇಪವೆಂದರೆ ಒಬ್ಬನು ಮತ್ತೊಬ್ಬನ ಕೈಯಲ್ಲಿ ನಂಬಿಕೆಯಿಂದ ಇರಿಸಿದ ಒಡವೆ. ಕಳವು, ಜೂಜು ಮೊದಲಾದುವು ಆ ಪಟ್ಟಿಯಲ್ಲಿ ಬಹಳ ಹಿಂದೆ ಬರುತ್ತವೆ. ಈ ಕ್ರಮದಲ್ಲಿ ಒಂದು ವಿವೇಕವಿದೆಯೆಂದು ನನಗೆ ತೋರುತ್ತದೆ. ಕಳ್ಳನನ್ನು ಯಾರೂ ನಂಬಿರುವುದಿಲ್ಲ. ಒಡವೆ ಇರಿಸಿಕೊಂಡವನನ್ನಾದರೋ ನಂಬಿರುತ್ತಾರೆ. ನಂಬಿಕೆ ಕೆಟ್ಟಲ್ಲಿ ಸಮಾಜಕ್ಕೆ ಆಗುವ ನಷ್ಟ, ಹೋದ ಒಡವೆಯ ಬೆಲೆಯನ್ನು ಮೀರಿದ್ದು.

ಇಂದು ನಾವು ದಿನದಿನವೂ ಪರರ ಕೈಯಲ್ಲಿ ಇರಿಸುತ್ತಿರುವ ಒಡವೆಗೆ ತೂಕವಿಲ್ಲ, ಹೊಳಪಿಲ್ಲ. ನಮ್ಮ ಹೆಸರು, ವಿಳಾಸ, ಹುಟ್ಟಿದ ದಿನ, ಫೋನಿನ ಸಂಖ್ಯೆ, ಬೆರಳಚ್ಚು, ಬ್ಯಾಂಕಿನ ಲೆಕ್ಕ, ಮೈಯಲ್ಲಿರುವ ರೋಗ, ಇವೇ ಆ ಒಡವೆ. ಚಿನ್ನಕ್ಕೂ ಇದಕ್ಕೂ ಒಂದು ದೊಡ್ಡ ಭೇದವುಂಟು. ಚಿನ್ನ ಕಳವಾದರೆ ಪೆಟ್ಟಿಗೆ ಬರಿದಾಗುತ್ತದೆ. ಒಡೆಯನು ಎದೆ ಬಡಿದುಕೊಳ್ಳುತ್ತಾನೆ. ಮಾಹಿತಿ ಕಳವಾದರೆ ಪೆಟ್ಟಿಗೆ ತುಂಬಿಯೇ ಇರುತ್ತದೆ. ಕಳ್ಳನು ಪ್ರತಿಯನ್ನು ಒಯ್ದಿರುತ್ತಾನೆ, ಮೂಲವು ಇದ್ದಲ್ಲೇ ಇರುತ್ತದೆ. ಆದಕಾರಣ ಕಾವಲಿನವನಿಗೂ ತಿಳಿಯದು, ಒಡೆಯನಿಗೂ ತಿಳಿಯದು. ತಿಳಿಯುವ ಹೊತ್ತಿಗೆ ಅದು ಹತ್ತು ಕೈ ಬದಲಾಯಿಸಿರುತ್ತದೆ.

ನಾನು ವಾಸವಾಗಿರುವ ಅನ್ನಪೂರ್ಣೇಶ್ವರಿ ನಗರದಲ್ಲಿ ದೊಡ್ಡ ಕಂಪನಿಗಳ ಗಾಜಿನ ಸೌಧಗಳಿಲ್ಲ. ಇಲ್ಲಿರುವುದು ಔಷಧಿ ಅಂಗಡಿ, ರಕ್ತಪರೀಕ್ಷೆಯ ಲ್ಯಾಬು, ಮನೆಪಾಠದ ಕೇಂದ್ರ, ಲೆಕ್ಕಪರಿಶೋಧಕರ ಸಣ್ಣ ಕಚೇರಿ, ವಿದ್ಯಾರ್ಥಿಗಳೂ ನೌಕರರೂ ತಂಗುವ ಪೀಜಿಗಳು ಮತ್ತು ಜೆರಾಕ್ಸ್ ಅಂಗಡಿ. ಈ ಪಟ್ಟಿಯಲ್ಲಿರುವ ಯಾವ ಬಾಗಿಲಿಗೆ ಹೋದರೂ ನಾವು ಏನನ್ನಾದರೂ ಒಪ್ಪಿಸಿಯೇ ಬರುತ್ತೇವೆ. ಪೀಜಿಯವನಿಗೆ ಆಧಾರ್ ಪ್ರತಿ ಬೇಕು. ಲ್ಯಾಬಿನವನಿಗೆ ಫೋನ್ ಸಂಖ್ಯೆ ಬೇಕು. ಜೆರಾಕ್ಸ್ ಅಂಗಡಿಯಲ್ಲಿ ‘ವಾಟ್ಸ್‌ಆ್ಯಪ್‌ಗೆ ಕಳಿಸಿ ಸಾರ್, ಪ್ರಿಂಟ್ ತೆಗೆದುಕೊಡುತ್ತೇನೆ’ ಎನ್ನುತ್ತಾರೆ. ಕೆಲಸ ಮುಗಿದ ಮೇಲೆ ಆ ಕಂಪ್ಯೂಟರಿನಲ್ಲಿ ನಮ್ಮ ಮನೆಪತ್ರ, ಮಗಳ ಅಂಕಪಟ್ಟಿ, ಪಾನ್ ಕಾರ್ಡು ಉಳಿದುಬಿಡುತ್ತವೆ. ಅಂಗಡಿಯವರು ದುಷ್ಟರೆಂದು ನಾನು ಹೇಳುತ್ತಿಲ್ಲ, ಅವರು ಸಜ್ಜನರೇ. ಆದರೆ ತಮ್ಮ ಬಳಿ ಇರುವುದು ಪರರ ಒಡವೆಯೆಂಬ ಎಣಿಕೆಯೇ ಅವರಿಗಿಲ್ಲ. ಕಸದಂತೆ ಬಿದ್ದಿರುವುದನ್ನು ಯಾರು ತಾನೆ ಬೀಗ ಹಾಕಿ ಕಾಯುತ್ತಾರೆ?

ಹಿಂದೆ ನಮ್ಮ ನಾಡಿನಲ್ಲಿ ಲೆಕ್ಕವನ್ನು ಕಡತದಲ್ಲಿ ಬರೆಯುತ್ತಿದ್ದರು. ಬಟ್ಟೆಗೆ ಹುಣಿಸೆಬೀಜದ ಅಂಟನ್ನೂ ಇದ್ದಲಿನ ಪುಡಿಯನ್ನೂ ಬಳಿದು ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಿಸಿ, ಬಳಪದಲ್ಲಿ ಬರೆದಿಡುವ ಪದ್ಧತಿ ಅದು. ಕಡತವನ್ನು ಕದಿಯಬೇಕಾದರೆ ಕಳ್ಳನು ಆ ಊರಿಗೆ ಬರಬೇಕಾಗಿತ್ತು, ಆ ಮನೆಗೆ ನುಗ್ಗಬೇಕಾಗಿತ್ತು. ಇಂದಿನ ಕಡತಕ್ಕೆ ಊರಿಲ್ಲ. ‘ನನ್ನಂಥ ಚಿಕ್ಕ ವ್ಯಾಪಾರಿಯನ್ನು ಹುಡುಕಿಕೊಂಡು ಯಾರು ಬರುತ್ತಾರೆ?’ ಎಂದು ನಮ್ಮ ಅಂಗಡಿಯವರು ಕೇಳುವುದುಂಟು. ಇಂದಿನ ಕಳ್ಳನು ಗಾಳ ಹಾಕಿ ಕುಳಿತವನಲ್ಲ, ಬಲೆ ಬೀಸುವವನು. ಲಕ್ಷಾಂತರ ಮಂದಿಗೆ ಒಂದೇ ಸುಳ್ಳು ಈಮೇಲನ್ನು ಕಳುಹಿಸುತ್ತಾನೆ. ಸಿಕ್ಕಿದ್ದು ತಿಮಿಂಗಿಲವೋ ಚಿಕ್ಕ ಮೀನೋ ಅವನಿಗೆ ಎರಡೂ ಸಮ. ಪೀಣ್ಯದ ಒಂದು ಸಣ್ಣ ಕಾರ್ಖಾನೆಯ ಲೆಕ್ಕದ ಕಂಪ್ಯೂಟರಿಗೆ ರ‍್ಯಾನ್ಸಮ್‌ವೇರ್ ಹೊಕ್ಕಿತೆನ್ನಿ. ಕಡತಗಳೆಲ್ಲ ಓದಲಾಗದ ಗೂಢಲಿಪಿಯಾಗಿ ಮಾರ್ಪಡುತ್ತವೆ. ಬಿಡಿಸಿಕೊಡಲು ಹಣ ಕೇಳುತ್ತಾರೆ. ದೊಡ್ಡ ಸಂಸ್ಥೆಯಾದರೆ ಬೇರೊಂದೆಡೆ ಪ್ರತಿ ಇಟ್ಟಿರುತ್ತದೆ. ಚಿಕ್ಕವನ ಪ್ರತಿ ಅದೇ ಕಂಪ್ಯೂಟರಿಗೆ ಚುಚ್ಚಿಟ್ಟ ಡಿಸ್ಕಿನಲ್ಲಿರುತ್ತದೆ. ಮೂಲದೊಡನೆ ಅದೂ ಹಾಳಾಗುತ್ತದೆ. ಇನ್ನೊಂದು ಬಗೆಯ ಮೋಸ ಇದಕ್ಕಿಂತಲೂ ಸರಳ. ಸರಕು ಕೊಡುವವನ ಹೆಸರಿನಲ್ಲೇ ಪತ್ರ ಬರುತ್ತದೆ: ‘ನಮ್ಮ ಬ್ಯಾಂಕಿನ ಖಾತೆ ಬದಲಾಗಿದೆ, ಬಾಕಿಯನ್ನು ಇಲ್ಲಿಗೆ ಕಳುಹಿಸಿರಿ.’ ಫೋನೆತ್ತಿ ಒಂದು ಮಾತು ಕೇಳುವ ಶ್ರಮವನ್ನು ಉಳಿಸಿಕೊಂಡವನು ತಿಂಗಳ ದುಡಿಮೆಯನ್ನು ಕಳೆದುಕೊಳ್ಳುತ್ತಾನೆ.

ದೊಡ್ಡವರ ಅನುಭವವೂ ನಮ್ಮ ಊರಿನಲ್ಲೇ ಇದೆ. 2019ರ ಏಪ್ರಿಲಿನಲ್ಲಿ ಬೆಂಗಳೂರಿನ ವಿಪ್ರೋ ಸಂಸ್ಥೆಯ ಕೆಲವು ನೌಕರರ ಖಾತೆಗಳು ಸುಳ್ಳು ಈಮೇಲುಗಳ ಬಲೆಗೆ ಬಿದ್ದ ಸುದ್ದಿ ಹೊರಬಂದಿತು; ಆ ಮಾರ್ಗವಾಗಿ ಅದರ ಗ್ರಾಹಕ ಸಂಸ್ಥೆಗಳ ಮೇಲೂ ಕಣ್ಣಿಟ್ಟಿದ್ದರೆಂದು ವರದಿಯಾಯಿತು. 2020ರಲ್ಲಿ ಇಲ್ಲಿನದೇ ಆದ ಬಿಗ್‌ಬಾಸ್ಕೆಟ್‌ನಿಂದ ಸುಮಾರು 2 ಕೋಟಿ ಗ್ರಾಹಕರ ವಿವರಗಳು ಹೊರಬಿದ್ದುವು. ತರಕಾರಿ ತರಿಸಿಕೊಂಡ ಮನೆಗಳ ವಿಳಾಸವೂ ಫೋನ್ ಸಂಖ್ಯೆಯೂ ಅವುಗಳಲ್ಲಿದ್ದುವು. ಅದೇ ವರ್ಷದ ಆಗಸ್ಟಿನಲ್ಲಿ ಹಣ ಪಾವತಿಯ ಕೆಲಸ ಮಾಡುವ ಜಸ್‌ಪೇ ಸಂಸ್ಥೆಗೆ ಕಳ್ಳರು ಹೊಕ್ಕರು. ಜನಸಾಮಾನ್ಯರಿಗೆ ಆ ಸಂಗತಿ ತಿಳಿದದ್ದು 2021ರ ಜನವರಿಯಲ್ಲಿ. ಕಾರ್ಡುಗಳ ಪೂರ್ಣ ಸಂಖ್ಯೆ ಹೋಗಲಿಲ್ಲವೆಂದು ಸಂಸ್ಥೆ ಹೇಳಿತು. ಕಳ್ಳರು ಬಂದ ದಾರಿಯಾದರೋ ಬದಲಾಯಿಸದೆ ಉಳಿದಿದ್ದ ಒಂದು ಹಳೆಯ ಕೀಲಿ. 2025ರ ಜುಲೈಯಲ್ಲಿ ಕಾಯಿನ್‌ಡಿಸಿಎಕ್ಸ್ ಎಂಬ ಕ್ರಿಪ್ಟೊ ವಿನಿಮಯ ಸಂಸ್ಥೆಯಿಂದ 4 ಕೋಟಿ 40 ಲಕ್ಷ ಡಾಲರ್ ಮಾಯವಾಯಿತು. ಬೆಂಗಳೂರಿನ ನೌಕರನೊಬ್ಬನ ಕಚೇರಿ ಲ್ಯಾಪ್‌ಟಾಪ್ ಕಳ್ಳರಿಗೆ ದಾರಿಯಾಯಿತೆಂದು ಪೊಲೀಸರ ತನಿಖೆಯಿಂದ ಹೊರಬಂದಿತು.

ಈ ನಾಲ್ಕು ಪ್ರಸಂಗಗಳಲ್ಲಿ ಮಾಂತ್ರಿಕ ವಿದ್ಯೆಯೇನೂ ಬೇಕಾಗಿಲ್ಲ ಎಂಬುದನ್ನು ವಾಚಕರು ಗಮನಿಸಬೇಕು. ಒಂದು ಸುಳ್ಳು ಪತ್ರ, ಒಂದು ಮರೆತ ಕೀಲಿ, ಒಬ್ಬ ನೌಕರನ ಲ್ಯಾಪ್‌ಟಾಪ್, ಒಂದೇ ಕಡೆ ಗುಡ್ಡೆಹಾಕಿದ ಕೋಟಿ ಜನರ ವಿವರ, ಇಷ್ಟೆ. ಕೆಲಸ ಬಿಟ್ಟು ಹೋದ ಹುಡುಗನಿಂದ ಅಂಗಡಿಯ ಬೀಗದ ಕೈಯನ್ನು ಹಿಂದಕ್ಕೆ ಪಡೆಯದ ವ್ಯಾಪಾರಿಯುಂಟೆ? ಆದರೆ ಅವನ ಪಾಸ್‌ವರ್ಡನ್ನು ವರ್ಷಗಟ್ಟಲೆ ಹಾಗೆಯೇ ಬಿಟ್ಟವರು ಅನೇಕರು.

ಸರಕಾರದ ಮನೆಯೂ ಇದಕ್ಕೆ ಹೊರತಲ್ಲ. 2023ರಲ್ಲಿ ಮಂಗಳೂರು, ಬೆಂಗಳೂರುಗಳಿಂದ ವಿಚಿತ್ರವಾದ ದೂರುಗಳು ಬಂದುವು. ಆಸ್ತಿಯ ನೋಂದಣಿ ಮಾಡಿಸಿದವರ ಬ್ಯಾಂಕ್ ಖಾತೆಯಿಂದ, ಓಟಿಪಿ ಕೂಡ ಇಲ್ಲದೆ, ಹಣ ಹೋಗುತ್ತಿತ್ತು. ನೋಂದಣಿ ಪತ್ರಗಳ ಮೇಲಿನ ಬೆರಳಚ್ಚನ್ನು ನಕಲು ಮಾಡಿ, ಆಧಾರ್ ಮೂಲಕ ಹಣ ತೆಗೆಯುವ ವ್ಯವಸ್ಥೆಯನ್ನು ವಂಚಿಸಿದ್ದರೆಂಬ ಸಂಶಯ ಮೂಡಿತು. ಪಾಸ್‌ವರ್ಡ್ ಕಳುವಾದರೆ ಬದಲಾಯಿಸಬಹುದು. ಹೆಬ್ಬೆರಳನ್ನು ಬದಲಾಯಿಸುವುದು ಹೇಗೆ? ಅದಕ್ಕೆ ಹಿಂದಿನ ವರ್ಷ, 2022ರ ಮೇ 27ರಂದು, ಆಧಾರ್ ಪ್ರಾಧಿಕಾರದ ಬೆಂಗಳೂರು ಪ್ರಾದೇಶಿಕ ಕಚೇರಿಯು ‘ಆಧಾರದ ಪ್ರತಿಯನ್ನು ಸಿಕ್ಕಿದವರಿಗೆಲ್ಲ ಕೊಡಬೇಡಿ’ ಎಂಬರ್ಥದ ಪ್ರಕಟಣೆಯನ್ನು ಹೊರಡಿಸಿತ್ತು. ಜನರು ಗಾಬರಿಗೊಂಡರು; ತಪ್ಪು ತಿಳಿವಳಿಕೆಗೆ ಎಡೆಯಾಗುವುದೆಂದು ಎರಡೇ ದಿನದಲ್ಲಿ ಅದನ್ನು ಹಿಂತೆಗೆದುಕೊಂಡರು. ಆ ಪ್ರಕಟಣೆಯ ಮಾತು ಸರಿಯಾಗಿಯೇ ಇತ್ತೆಂದು ನನ್ನ ಅಭಿಪ್ರಾಯ. ಕೊನೆಯ ನಾಲ್ಕು ಅಂಕಿಗಳನ್ನಷ್ಟೇ ತೋರಿಸುವ ಆಧಾರ್ ಪ್ರತಿಯನ್ನು ಪಡೆಯುವ ಸೌಕರ್ಯ ಅಂದೂ ಇತ್ತು, ಇಂದೂ ಇದೆ. ಬೆರಳಚ್ಚಿಗೆ ಬೀಗ ಹಾಕುವ ಸೌಕರ್ಯವೂ ಇದೆ. ಇವನ್ನು ಕೇಳುವವರೂ ಹೇಳುವವರೂ ಇಬ್ಬರೂ ವಿರಳ.

ಖಾಸಗಿತನವು ಮೂಲಭೂತ ಹಕ್ಕೆಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠವು 2017ರ ಆಗಸ್ಟ್ 24ರಂದು ಒಕ್ಕೊರಲಿನಿಂದ ತೀರ್ಪಿತ್ತಿತು. ಆ ಮೊಕದ್ದಮೆಗೆ ಹೆಸರು ಕೊಟ್ಟವರು ನಮ್ಮವರು, ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು. 2012ರಲ್ಲಿ ಅರ್ಜಿ ಸಲ್ಲಿಸಿದಾಗ ಅವರಿಗೆ ಎಂಬತ್ತು ದಾಟಿತ್ತು. 2024ರಲ್ಲಿ ಅವರು ತೀರಿಕೊಂಡರು. ಅವರ ಅರ್ಜಿಯಿಂದ ಮೊದಲಾದ ದಾರಿ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆಗೆ ಬಂದು ಮುಟ್ಟಿತು. ಅದರ ನಿಯಮಗಳು 2025ರ ನವೆಂಬರಿನಲ್ಲಿ ಪ್ರಕಟವಾದುವು; ವ್ಯಾಪಾರಿಗಳು ಅಣಿಯಾಗಲು ಹದಿನೆಂಟು ತಿಂಗಳ ಅವಧಿಯನ್ನು ಅವು ಗೊತ್ತುಮಾಡಿದುವು. ಜನರ ವಿವರವನ್ನು ಇರಿಸಿಕೊಳ್ಳುವವನನ್ನು ಈ ಕಾಯಿದೆ ‘ಡೇಟಾ ಫಿಡ್ಯೂಷಿಯರಿ’ ಎಂದು ಕರೆಯುತ್ತದೆ. ನಂಬಿ ಒಪ್ಪಿಸಿದ್ದನ್ನು ಕಾಯುವವನೆಂದು ಆ ಮಾತಿನ ಅರ್ಥ. ನಿಕ್ಷೇಪದ ಹಳೆಯ ಭಾವನೆಯೇ ಹೊಸ ಉಡುಪಿನಲ್ಲಿ ಮರಳಿದೆ. ತಕ್ಕ ರಕ್ಷಣೆ ಇಡದವನಿಗೆ 250 ಕೋಟಿ ರೂಪಾಯಿಯವರೆಗೆ ದಂಡವುಂಟು. ಕಳವಾದರೆ ಒಡವೆಯ ಒಡೆಯರಿಗೂ ಮಂಡಲಿಗೂ ತಡಮಾಡದೆ ತಿಳಿಸಬೇಕು. ಪೂರ್ಣ ವರದಿಯನ್ನು ಮಂಡಲಿಗೆ 72 ಗಂಟೆಗಳೊಳಗೆ ಒಪ್ಪಿಸಬೇಕು. ಮುಚ್ಚಿಡುವುದೇ ಮಾನವೆಂದು ತಿಳಿದಿದ್ದ ಕಾಲ ಇದರಿಂದ ಮುಗಿಯಬೇಕು.

ಕಾಯಿದೆಯಲ್ಲಿ ಕೊರತೆಗಳಿವೆ. ಸರಕಾರವು ತನಗೂ ತನ್ನ ಅಂಗಗಳಿಗೂ ವಿಶಾಲವಾದ ವಿನಾಯಿತಿಗಳನ್ನು ಇರಿಸಿಕೊಂಡಿದೆ. ಕಾವಲಿನ ಪಾಠ ಹೇಳುವವನು ತನ್ನ ಬಾಗಿಲನ್ನು ತೆರೆದಿಡುವುದು ಸರಿಯಲ್ಲ; ನೋಂದಣಿ ಪತ್ರಗಳ ಪ್ರಸಂಗವನ್ನು ಕಂಡ ಮೇಲೆ ಈ ಮಾತನ್ನು ಹೆಚ್ಚಾಗಿ ವಿವರಿಸಬೇಕಾಗಿಲ್ಲ. ಚಿಕ್ಕ ವ್ಯಾಪಾರಿಗೆ ಇದೆಲ್ಲ ಹೊರೆಯೆಂಬ ಆಕ್ಷೇಪವೂ ಉಂಟು. ಅದರಲ್ಲಿ ಸತ್ಯವಿಲ್ಲದೆ ಇಲ್ಲ. ಆದರೆ ಎಲ್ಲಕ್ಕಿಂತ ಅಗ್ಗವಾದ ರಕ್ಷಣೆ ಯಾವುದೆಂದರೆ, ಬೇಡದ್ದನ್ನು ಕೇಳದಿರುವುದು, ಕೆಲಸ ಮುಗಿದದ್ದನ್ನು ಅಳಿಸಿಹಾಕುವುದು. ಇಲ್ಲದ ಒಡವೆಯನ್ನು ಯಾವ ಕಳ್ಳನೂ ಕದಿಯಲಾರನು. ಇದಕ್ಕೆ ಯಂತ್ರವೂ ಬೇಡ, ತಜ್ಞನೂ ಬೇಡ. ಸಂಜೆ ಬಾಗಿಲು ಹಾಕುವ ಮೊದಲು ಜೆರಾಕ್ಸ್ ಅಂಗಡಿಯವನು ಆ ದಿನ ಬಂದ ಪತ್ರಗಳನ್ನು ಅಳಿಸುವುದಕ್ಕೆ ಐದು ನಿಮಿಷ ಸಾಕು.

ಇನ್ನು ಈ ಪುಟವನ್ನು ಓದುವ ಅಧ್ಯಾಪಕರಿಗೂ ವಿದ್ಯಾರ್ಥಿಗಳಿಗೂ ಸಂಬಂಧಪಟ್ಟ ಮಾತು. ವಿವರ ಕೇಳುವವನು ಏಕೆ ಕೇಳುತ್ತಿದ್ದಾನೆಂಬುದನ್ನು ಸ್ಪಷ್ಟವಾದ ಸರಳ ಭಾಷೆಯಲ್ಲಿ ತಿಳಿಸಬೇಕು. ಜನರು ಬಯಸಿದರೆ ಆ ತಿಳಿವಳಿಕೆ ಪತ್ರವು ಸಂವಿಧಾನದ ಎಂಟನೆಯ ಅನುಸೂಚಿಯ 22 ಭಾಷೆಗಳಲ್ಲಿ ಯಾವುದರಲ್ಲಾದರೂ ದೊರೆಯಬೇಕು. ಹೀಗೆಂದು ಕಾಯಿದೆಯೂ ನಿಯಮವೂ ಹೇಳುತ್ತವೆ. ಎಂದರೆ ಕನ್ನಡದಲ್ಲಿ ಕೇಳುವುದು ಕಾಯಿದೆ ಒಪ್ಪಿದ ನಮ್ಮ ಹಕ್ಕು. ಆದರೆ ಯಾವ ಕನ್ನಡದಲ್ಲಿ? ಇಂಗ್ಲಿಷಿನ ಇಪ್ಪತ್ತು ಪುಟಗಳನ್ನು ಯಂತ್ರದ ಬಾಯಿಗೆ ಹಾಕಿ ಹೊರತೆಗೆದ, ಕರ್ತೃವೆಲ್ಲಿ ಕ್ರಿಯೆಯೆಲ್ಲಿ ಎಂದು ಹುಡುಕಬೇಕಾದ ಕನ್ನಡದಲ್ಲಿಯೆ? ಅಂಥ ಪತ್ರದ ಕೆಳಗೆ ಒತ್ತಿದ ಒಪ್ಪಿಗೆಯು ಒಪ್ಪಿಗೆಯಲ್ಲ. ಅರ್ಥವಾಗದ ಪತ್ರಕ್ಕೆ ಹೆಬ್ಬೆಟ್ಟು ಒತ್ತಿಸಿಕೊಂಡು ಹೊಲ ಬರೆಸಿಕೊಂಡ ಸಾಹುಕಾರರ ಕಥೆಗಳನ್ನು ನಮ್ಮ ಹಿರಿಯರು ಹೇಳುತ್ತಿದ್ದರು. ಅಕ್ಷರ ಕಲಿತರೆ ಆ ಅನ್ಯಾಯ ತಪ್ಪುವುದೆಂದು ನಾವು ನಂಬಿದೆವು. ಈಗ ಅಕ್ಷರ ಬಲ್ಲವರೇ ಓದದೆ ‘ಒಪ್ಪಿದ್ದೇನೆ’ ಎಂದು ಒತ್ತುತ್ತಿದ್ದೇವೆ.

ಈ ಪತ್ರಗಳನ್ನು ಒಳ್ಳೆಯ ಕನ್ನಡದಲ್ಲಿ ಬರೆಯುವುದು ಸಾಹಿತ್ಯಕ್ಕೆ ಹೊರಗಿನ ಕೆಲಸವೆಂದು ನಾನು ತಿಳಿಯುವುದಿಲ್ಲ. ನಮ್ಮ ನೆರೆಯ ನಾಗರಭಾವಿಯಲ್ಲಿ ರಾಷ್ಟ್ರೀಯ ಕಾನೂನು ಶಾಲೆಯಿದೆ, ಜ್ಞಾನಭಾರತಿಯಲ್ಲಿ ವಿಶ್ವವಿದ್ಯಾನಿಲಯವಿದೆ. ಕಾನೂನು ಬಲ್ಲವರೂ ಕನ್ನಡ ಬಲ್ಲವರೂ ಇಷ್ಟು ಹತ್ತಿರದಲ್ಲಿರುವ ಊರುಗಳು ಎಷ್ಟಿವೆ? ಇವರು ಒಟ್ಟಿಗೆ ಕುಳಿತು ಔಷಧಿ ಅಂಗಡಿಗೊಂದು, ಲ್ಯಾಬಿಗೊಂದು, ಪೀಜಿಗೊಂದು, ಮನೆಪಾಠದ ಕೇಂದ್ರಕ್ಕೊಂದು, ಅರ್ಧ ಪುಟದ ಮಾದರಿ ಪತ್ರವನ್ನು ಬರೆದುಕೊಡಲಿ. ‘ನಿಮ್ಮ ಫೋನ್ ಸಂಖ್ಯೆಯನ್ನು ವರದಿ ಕಳುಹಿಸುವುದಕ್ಕಾಗಿ ಮಾತ್ರ ಕೇಳುತ್ತಿದ್ದೇವೆ, ಮೂರು ತಿಂಗಳ ಮೇಲೆ ಅಳಿಸುತ್ತೇವೆ, ಬೇಡವೆಂದರೆ ಈಗಲೇ ಹೇಳಿ’ ಎಂದು ಬರೆಯಲು ಪಾರಿಭಾಷಿಕ ಪದಕೋಶ ಬೇಕಾಗಿಲ್ಲ. ಬರೆದವನಿಗೆ ಅದು ವಚನ. ಓದಿದವನಿಗೆ ಅದು ಆಧಾರ.

ಅಲ್ಲಿಯವರೆಗೆ ಗ್ರಾಹಕರಾದ ನಾವು ಮಾಡಬಹುದಾದ ಕೆಲಸವೂ ಒಂದಿದೆ. ವಿವರ ಕೇಳಿದವರನ್ನು, ಜಗಳವಾಡದೆ, ನಗುಮುಖದಿಂದಲೇ ಮರಳಿ ಕೇಳೋಣ: ‘ಇದು ಏತಕ್ಕೆ ಬೇಕು ಸ್ವಾಮಿ? ಎಷ್ಟು ದಿನ ಇಟ್ಟುಕೊಳ್ಳುತ್ತೀರಿ?’ ಹತ್ತು ಜನ ಕೇಳಿದರೆ ಅಂಗಡಿಯವನು ಬೇಸರಪಡುತ್ತಾನೆ. ನೂರು ಜನ ಕೇಳಿದರೆ ಉತ್ತರವನ್ನು ಬರೆದು ಗೋಡೆಗೆ ಅಂಟಿಸುತ್ತಾನೆ.