ತುಳಸಿದಳ ಮತ್ತೆ ಓದಿದಾಗ

ಹೈಸ್ಕೂಲಿನಲ್ಲಿ ನನ್ನನ್ನು ಹೆದರಿಸಿದ ಲೇಖಕರು ಇಬ್ಬರು: ಯಂಡಮೂರಿ ವೀರೇಂದ್ರನಾಥ್ ಮತ್ತು ರವಿ ಬೆಳಗೆರೆ. ಮೂವತ್ತು ದಾಟುತ್ತಿದ್ದಂತೆ ಇಬ್ಬರನ್ನೂ ಇನ್ನೊಮ್ಮೆ ಓದೋಣ ಅನ್ನಿಸಿತು.

ಬೆಳಗೆರೆಯವರ 'ಮಾಟಗಾತಿ' ಈ ಸಲ ಹೆದರಿಸಲಿಲ್ಲ. ಆದರೆ ಪುಸ್ತಕ ಕೆಳಗಿಡಲು ಬಿಡದ ಆ ವೇಗ ಹಾಗೇ ಇದೆ. 'ಹಾಯ್ ಬೆಂಗಳೂರ್!' ಪತ್ರಿಕೆಯಲ್ಲಿ ಕ್ರೈಂ ಬರೆದ ಕೈ ಅಲ್ವಾ!

'ತುಳಸಿದಳ'ದ ಕಥೆ ಬೇರೆಯೇ ಆಯಿತು. ಮೂಲ ತೆಲುಗು, ವಾರಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂದದ್ದು. 1985ರಲ್ಲಿ ಕನ್ನಡದಲ್ಲಿ ಸಿನಿಮಾ ಕೂಡ ಆಯಿತು. ಆಗ ನಮ್ಮ ಹಿಡಕಲ್ ಕಡೆ ಸಂಜೆ ಕರೆಂಟ್ ಹೋದರೆ ಯಾವಾಗ ಬರುತ್ತದೋ ಹೇಳಲಾಗುತ್ತಿರಲಿಲ್ಲ. ಜಲಾಶಯದಲ್ಲಿ ಮುಳುಗಿದ ಹುನ್ನೂರಿನ ವಿಠ್ಠಲನ ಗುಡಿ ಬೇಸಿಗೆಯಲ್ಲಿ ನೀರು ಇಳಿದಾಗ ಹೊರಗೆ ಕಾಣುತ್ತದಲ್ಲ, ರಾತ್ರಿ ಅಲ್ಲಿ ಗಂಟೆ ಬಾರಿಸುತ್ತದೆ ಅಂತ ನಾವು ಹುಡುಗರು ಒಬ್ಬರನ್ನೊಬ್ಬರು ಹೆದರಿಸುತ್ತಿದ್ದೆವು. ಅಂಥ ಊರಲ್ಲಿ ಕಂದೀಲು ಹಚ್ಚಿಕೊಂಡು ಕ್ಷುದ್ರದ ಕಾದಂಬರಿ ಓದಿದರೆ ನಿದ್ದೆ ಎಲ್ಲಿಂದ ಬರಬೇಕು?

ಈ ಸಲ ಹೆದರಿಸಿದ್ದು ಮಾಟ ಅಲ್ಲ, ಮನುಷ್ಯರು. ದುಡ್ಡಿನ ಆಸೆಗೆ ಒಂದು ಪುಟ್ಟ ಹುಡುಗಿಯ ಜೀವಕ್ಕೆ ಕೈ ಹಾಕುವವರು. ಯಂಡಮೂರಿ ಓದಿದ್ದು ಚಾರ್ಟರ್ಡ್ ಅಕೌಂಟೆನ್ಸಿ. ದುಡ್ಡು ಜನರ ಕೈಲಿ ಏನೆಲ್ಲ ಮಾಡಿಸುತ್ತದೆ ಅಂತ ಅವರಿಗೆ ಗೊತ್ತಿತ್ತು. ಮಂತ್ರದ ದಾರಿ, ವೈದ್ಯದ ದಾರಿ ಎರಡನ್ನೂ ಅವರು ಅಕ್ಕಪಕ್ಕ ಓಡಿಸುತ್ತಾರೆ. ಮಗು ಉಳಿದದ್ದು ಯಾವುದರಿಂದ ಅನ್ನುವ ತೀರ್ಮಾನ ಓದುಗನಿಗೇ ಬಿಟ್ಟದ್ದು.

ಹೋದ ವರ್ಷ ನಮ್ಮ ಮನೆಯಲ್ಲೂ ಹೀಗೇ ಆಯಿತು. ಅಕ್ಕನ ಮಗಳಿಗೆ ಎರಡು ಸಲ ಫಿಟ್ಸ್ ಬಂತು. ಅಕ್ಕ ಬೆಳಗಾವಿಯಲ್ಲಿ ಡಾಕ್ಟರಿಗೆ ತೋರಿಸಿದಳು, ಗುಳಿಗಿ ಶುರುವಾಯಿತು. ಅದೇ ವಾರ ಆಯಿ ದೇವರ ಹೇಳಿಕೆ ಕೇಳಿ ತಾಯತ ಕಟ್ಟಿಸಿದಳು. ಮತ್ತೆ ಫಿಟ್ಸ್ ಬರಲಿಲ್ಲ. ಆರು ತಿಂಗಳಾದ ಮೇಲೆ ಆಯಿ ಅಂದಳು:

"ಅಲ್ಲೋ ತಮ್ಮಾ, ತಾಯತ ಕಟ್ಟಿದ ಮ್ಯಾಲೇ ಅಲ್ಲೇನು ಕೂಸಿಗೆ ಆರಾಮ ಆಗಿದ್ದು? ಇನ್ನ ಆ ಗುಳಿಗಿ ಯಾಕ ಬೇಕು?"

ಕಾದಂಬರಿಯ ಯಾವ ಪುಟವೂ ನನ್ನನ್ನು ಇಷ್ಟು ಹೆದರಿಸಿರಲಿಲ್ಲ.

ನಮ್ಮ ಕೆಲಸದಲ್ಲಿ ಒಂದು ಮಾತಿದೆ. ಒಂದೇ ಸಲ ಎರಡು ಕಡೆ ಕೋಡ್ ಬದಲಿಸಿದರೆ ಬಗ್ ಹೋದದ್ದು ಯಾವುದರಿಂದ ಅಂತ ಗೊತ್ತಾಗಲ್ಲ. ಒಂದು ಮನೆಯ ಮಟ್ಟಿಗೆ ಆಯಿಯನ್ನು ವಾದದಲ್ಲಿ ಸೋಲಿಸೋದು ಕಷ್ಟ. ಆದರೆ ಗುಳಿಗಿಯನ್ನು ಪರೀಕ್ಷಿಸಿದ್ದು ಒಂದು ಮನೆಯಲ್ಲಲ್ಲ, ಸಾವಿರಾರು ರೋಗಿಗಳಲ್ಲಿ. ಫಿಟ್ಸ್ ನಿಂತ ಮೇಲೂ ಸಾಮಾನ್ಯವಾಗಿ ಎರಡು ವರ್ಷವಾದರೂ ಕೊಡುತ್ತಾರೆ. ನಿಲ್ಲಿಸುವಾಗಲೂ ಡಾಕ್ಟರೇ ಸ್ವಲ್ಪ ಸ್ವಲ್ಪ ಇಳಿಸುತ್ತಾರೆ. ಥಟ್ಟನೆ ಬಿಟ್ಟರೆ ಫಿಟ್ಸ್ ಇನ್ನೂ ಜೋರಾಗಿ ಮರಳಬಹುದು.

ಆಯಿಗೆ ಇಷ್ಟೇ ಹೇಳಿದೆ: "ಆಯಿ, ತಾಯತ ಇರಲಿ, ಬಿಚ್ಚೂದು ಬ್ಯಾಡ. ಗುಳಿಗಿನೂ ಇರಲಿ." ಒಪ್ಪಿದಳು. ಈಗ ರಾತ್ರಿ ಎಂಟಕ್ಕೆ ಅಕ್ಕನ ಫೋನಿನಲ್ಲಿ ಅಲಾರಂ ಹೊಡೆಯುತ್ತದೆ, ಗುಳಿಗಿ ನುಂಗಿಸಿ ನೀರು ಕೊಡುವವಳು ಆಯಿಯೇ.

ತೀರ್ಮಾನ ಓದುಗನಿಗೆ ಬಿಟ್ಟರೆ ಕಾದಂಬರಿಗೆ ಚೆಂದ. ಕೂಸಿನ ಔಷಧಿಯ ವಿಷಯದಲ್ಲಿ ಹಾಗೆ ಬಿಡೋಕಾಗಲ್ಲ. ನಿಮ್ಮ ಹದಿನೈದರ ಹೆದರಿಕೆಯ ಪುಸ್ತಕ ಯಾವುದು? ಒಮ್ಮೆ ತೆಗೆದು ಓದಿ ನೋಡಿ, ಈಗ ಯಾವ ಪುಟದಲ್ಲಿ ಹೆದರಿಕೆ ಆಗುತ್ತದೆ ಅಂತ.