ಬಸ್ಸಿನ ಬೋರ್ಡಿನ ಮುಂದೆ ನಿರಕ್ಷರರು

ಸಮ್ಮೇಳನದ ವೇದಿಕೆಯಲ್ಲಿ ಗೋವಿಂದ ಪೈಗಳನ್ನೂ ಕಯ್ಯಾರರನ್ನೂ ಭಕ್ತಿಯಿಂದ ಸ್ಮರಿಸುವ ನಾವು, ಮನೆಗೆ ಮರಳುವ ಬಸ್ಸಿನಲ್ಲಿ ಕನ್ನಡವನ್ನು ಮರೆಯುತ್ತೇವೆ. ಮಾತು ಕಟುವಾಯಿತೆನ್ನಬಹುದು. ಆದರೆ ಕಾಸರಗೋಡು ಪೇಟೆಗೆ ನಿತ್ಯವೆಂಬಂತೆ ಬಸ್ಸಿನಲ್ಲಿ ಹೋಗಿಬರುವ ನಾನು ಕಂಡದ್ದನ್ನೇ ಹೇಳುತ್ತಿದ್ದೇನೆ.

ಕಳೆದ ಮಳೆಗಾಲದ ಒಂದು ಸಂಜೆ ವೃದ್ಧೆಯೊಬ್ಬರು ಕೈಯಲ್ಲಿ ಔಷಧದ ಚೀಟಿಯನ್ನೂ ಕನ್ನಡ ಪತ್ರಿಕೆಯನ್ನೂ ಹಿಡಿದು ನಾನಿದ್ದ ಬಸ್ಸನ್ನೇರಿದರು. ಅವರು ಹೋಗಬೇಕಾದದ್ದು ಮುಳ್ಳೇರಿಯಕ್ಕೆ, ಬಸ್ಸು ಬದಿಯಡ್ಕದ್ದು. ಚೆರ್ಕಳದವರೆಗೆ ಎರಡಕ್ಕೂ ದಾರಿ ಒಂದೇ, ಅಲ್ಲಿಂದ ಕವಲು. ಬಸ್ಸು ಬೇರೆ ದಾರಿ ಹಿಡಿದ ಮೇಲಷ್ಟೇ ಅವರಿಗೆ ತಪ್ಪು ತಿಳಿಯಿತು. "ಬೋರ್ಡು ಓದಿ ಹತ್ತಬಾರದಿತ್ತೇ?" ಎಂದು ಸಹಪ್ರಯಾಣಿಕನೊಬ್ಬ ನಕ್ಕ. "ಓದ್ಲಿಕ್ಕೆ ಬರ್ತದೆ ಮಗಾ, ಆದ್ರೆ ಬೋರ್ಡಿನಲ್ಲಿ ನಮ್ಮ ಅಕ್ಷರ ಇಲ್ಲವಲ್ಲ" ಎಂದು ಹೇಳಿ, ಆಕೆ ಮಳೆಯಲ್ಲೇ ಇಳಿದು ಚೆರ್ಕಳದತ್ತ ನಡೆದರು.

ಜೀವಮಾನವೆಲ್ಲ ಮಕ್ಕಳಿಗೆ ಅಕ್ಷರ ಕಲಿಸಿದ ನಾನು ಆ ಕ್ಷಣ ತಲೆತಗ್ಗಿಸಿದೆ. ಅಕ್ಷರ ಬಲ್ಲವರನ್ನು ನಿರಕ್ಷರರನ್ನಾಗಿಸಲು ಒಂದು ಬೋರ್ಡು ಸಾಕು! 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿದಾಗ ರಾಜ್ಯ ಬದಲಾಯಿತೇ ಹೊರತು ಇಲ್ಲಿಯ ಕನ್ನಡಿಗರು ಓದುವ ಲಿಪಿ ಬದಲಾಗಲಿಲ್ಲ.

"ಕಂಡಕ್ಟರನಿಗೆ ಕನ್ನಡ ತಿಳಿಯುತ್ತದೆ, ಕೇಳಿದರಾಯಿತು" ಎನ್ನುವವರಿದ್ದಾರೆ. ಕೇಳಿ ತಿಳಿಯುವುದು ಇನ್ನೊಬ್ಬರ ದಯೆ. ಓದಿ ತಿಳಿಯುವುದು ನಮ್ಮ ಹಕ್ಕು. "ಮಲಯಾಳ ಕಲಿಯಿರಿ" ಎನ್ನುವವರೂ ಇದ್ದಾರೆ. ಅವಶ್ಯವಾಗಿ ಕಲಿಯೋಣ, ಅದು ನೆರೆಮನೆಯ ಭಾಷೆ, ವೈರಿಯ ಭಾಷೆಯಲ್ಲ. ಆದರೆ ಅದರ ಕೆಳಗೆ ಒಂದು ಸಾಲು ಕನ್ನಡ ಬರೆದರೆ ಮಲಯಾಳಕ್ಕೆ ಏನು ಕುಂದು? ಸಪ್ತಭಾಷೆಗಳ ನಾಡೆಂಬ ಹೊಗಳಿಕೆ ಭಾಷಣಕ್ಕೆ ಮಾತ್ರ ಮೀಸಲೇ?

ಇನ್ನು ನಮ್ಮ ಪಾಲಿನ ತಪ್ಪು. ಅಚ್ಚ ಕನ್ನಡ ಮನೆಯ ಯುವಕರು ಟಿಕೆಟ್ ಕೇಳುವಾಗ ಕುಂಬಳೆಯನ್ನು 'ಕುಂಬಳ' ಎನ್ನುತ್ತಾರೆ, ಮಂಜೇಶ್ವರವನ್ನು 'ಮಂಜೇಶ್ವರಂ' ಎನ್ನುತ್ತಾರೆ. ತಾಯಿಯೊಡನೆ ಫೋನಿನಲ್ಲಿ ಕನ್ನಡವಾಡುವಾಗ ದನಿ ತಗ್ಗಿಸುತ್ತಾರೆ. ನಮ್ಮ ಬಾಯಲ್ಲೇ ಉಳಿಯದ ಊರ ಹೆಸರನ್ನು ಬೋರ್ಡಿನ ಮೇಲೆ ಬರೆಯಿರೆಂದು ಯಾವ ಮುಖದಿಂದ ಕೇಳೋಣ?

ಸಂವಿಧಾನದ 350ನೆಯ ವಿಧಿಯಂತೆ, ಕುಂದುಕೊರತೆಯ ನಿವಾರಣೆಗಾಗಿ ಅಧಿಕಾರಿಗಳಿಗೆ ಸಲ್ಲಿಸುವ ಮನವಿಯನ್ನು ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಬರೆಯುವ ಹಕ್ಕು ಪ್ರತಿಯೊಬ್ಬನಿಗೂ ಇದೆ. ಈ ಹಕ್ಕನ್ನು ನಮ್ಮಲ್ಲಿ ಎಷ್ಟು ಮಂದಿ ಬಳಸಿದ್ದೇವೆ? ಸಮ್ಮೇಳನದಲ್ಲಿ ನಿರ್ಣಯ ಅಂಗೀಕರಿಸಿ, ಊಟ ಮಾಡಿ ಎದ್ದುಹೋಗುವುದು ನಮಗೆ ರೂಢಿಯಾಗಿಬಿಟ್ಟಿದೆ. ಈ ಬಾರಿ ಹಾಗಾಗದಿರಲಿ. ಬಸ್ಸುಗಳ ಬೋರ್ಡಿನಲ್ಲಿ ಕನ್ನಡವೂ ಇರಬೇಕೆಂದು ಸಂಘದ ಪ್ರತಿಯೊಂದು ಮನೆಯಿಂದಲೂ ಕನ್ನಡದಲ್ಲೇ ಒಂದು ಮನವಿ ಹೋಗಲಿ. ನಾಳೆಯ ಟಿಕೆಟನ್ನು ನಮ್ಮೂರಿನ ಹೆಸರನ್ನು ನಮ್ಮಂತೆಯೇ ಉಚ್ಚರಿಸಿ, ದನಿ ತಗ್ಗಿಸದೆ ಕೇಳೋಣ.

ಆ ತಾಯಿ ಮುಂದಿನ ಮಳೆಗಾಲದಲ್ಲಾದರೂ ಯಾರನ್ನೂ ಕೇಳದೆ, ತಾನೇ ಓದಿ, ತನ್ನ ಬಸ್ಸನ್ನು ಹತ್ತುವಂತಾಗಲಿ.