ಬಂಧನದ ಕಾರಣ, ತಿಳಿಯುವ ಭಾಷೆಯಲ್ಲಿ

ಬಂಧಿತನಿಗೆ ಬಂಧನದ ಕಾರಣವನ್ನು ತಿಳಿಸಬೇಕೆಂಬುದು ಹೊಸ ಮಾತೇನಲ್ಲ. ಸಂವಿಧಾನದ 22(1)ನೇ ವಿಧಿ 1950ರಿಂದಲೂ ಅದನ್ನೇ ಹೇಳುತ್ತಿದೆ. ಆದರೆ ‘ತಿಳಿಸಿದ್ದೇವೆ’ ಎಂಬ ಪೊಲೀಸರ ಬಾಯಿಮಾತು ಸಾಕೇ, ಅಥವಾ ಲಿಖಿತವಾಗಿಯೇ ಕೊಡಬೇಕೇ ಎಂಬ ಪ್ರಶ್ನೆಗೆ ಖಚಿತ ಉತ್ತರ ದೊರೆಯಲು ಏಳು ದಶಕಗಳೇ ಬೇಕಾದವು.

2023ರ ಅಕ್ಟೋಬರಿನಲ್ಲಿ ಪಂಕಜ್ ಬನ್ಸಲ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಜಾರಿ ನಿರ್ದೇಶನಾಲಯವು ಅಕ್ರಮ ಹಣ ವರ್ಗಾವಣೆ ತಡೆ ಕಾಯ್ದೆಯಡಿ ಬಂಧಿಸುವಾಗ ಕಾರಣಗಳನ್ನು ಲಿಖಿತವಾಗಿ ಕೊಡಬೇಕೆಂದಿತು. 2024ರ ಮೇ ತಿಂಗಳಲ್ಲಿ ಪ್ರಬೀರ್ ಪುರಕಾಯಸ್ಥ ಪ್ರಕರಣದ ಮೂಲಕ ಈ ನಿಯಮ ಯುಎಪಿಎಗೂ ವಿಸ್ತರಿಸಿತು. 2025ರ ನವೆಂಬರ್ 6ರಂದು, ಮುಂಬೈನ ವರ್ಲಿಯ ಕಾರು ಅಪಘಾತಕ್ಕೆ ಸಂಬಂಧಿಸಿದ ಮಿಹಿರ್ ರಾಜೇಶ್ ಶಾ ಪ್ರಕರಣದಲ್ಲಿ, ನ್ಯಾಯಾಲಯ ಇದನ್ನು ಎಲ್ಲ ಅಪರಾಧಗಳಿಗೂ ಅನ್ವಯಿಸಿತು. ಕಾರಣಗಳು ಬಂಧಿತನಿಗೆ ಅರ್ಥವಾಗುವ ಭಾಷೆಯಲ್ಲಿರಬೇಕು. ತಕ್ಷಣ ಬರೆದುಕೊಡಲಾಗದಿದ್ದರೆ ಬಾಯಿಮಾತಿನಲ್ಲಿ ತಿಳಿಸಿ, ರಿಮಾಂಡಿಗೆ ಹಾಜರುಪಡಿಸುವ ಕನಿಷ್ಠ ಎರಡು ಗಂಟೆ ಮೊದಲಾದರೂ ಲಿಖಿತವಾಗಿ ನೀಡಬೇಕು. ತಪ್ಪಿದರೆ ಬಂಧನವೇ ಕಾನೂನುಬಾಹಿರ.

ಇದು ಹಣವಂತರಿಗೆ ದೊರೆತ ತಾಂತ್ರಿಕ ನೆಪವೆಂಬ ಆಕ್ಷೇಪವಿದೆ. ನಮ್ಮ ರಾಜ್ಯದಲ್ಲಿಯೂ ಈ ಅಸಮಾಧಾನ ಕೇಳಿಬಂದಿತ್ತು. ನಟ ದರ್ಶನ್ ಅವರಿಗೆ 2024ರ ಡಿಸೆಂಬರಿನಲ್ಲಿ ಹೈಕೋರ್ಟ್ ಜಾಮೀನು ನೀಡಿದಾಗ ಪರಿಗಣಿಸಿದ್ದ ಅಂಶಗಳಲ್ಲಿ ಇದೂ ಒಂದು. 2025ರ ಆಗಸ್ಟ್‌ನಲ್ಲಿ ಆ ಜಾಮೀನನ್ನು ರದ್ದುಗೊಳಿಸಿದ ಸುಪ್ರೀಂ ಕೋರ್ಟ್, ಆರೋಪಿಗೆ ಬಾಧಕವಾಗಿದೆಯೆಂದು ತೋರಿಸದ ಹೊರತು ಈ ಲೋಪವೊಂದೇ ಜಾಮೀನಿಗೆ ಆಧಾರವಾಗದೆಂದಿತು.

ಆಕ್ಷೇಪದಲ್ಲಿ ಹುರುಳಿಲ್ಲವೆಂದು ನಾನು ಹೇಳಲಾರೆ. ಈ ಪ್ರಶ್ನೆಯನ್ನು ಸುಪ್ರೀಂ ಕೋರ್ಟಿನವರೆಗೆ ಒಯ್ಯಲು ಸಮರ್ಥ ವಕೀಲರು ಬೇಕು, ಹಣ ಬೇಕು. ಆದರೆ ಹಕ್ಕನ್ನು ಗೆದ್ದುಕೊಟ್ಟವರು ಯಾರೆಂಬುದಕ್ಕಿಂತ ಅದು ಯಾರಿಗೆ ಹೆಚ್ಚು ಬೇಕು ಎಂಬುದು ಮುಖ್ಯ. ಉಳ್ಳವರಿಗೆ ಬಂಧನದ ಕಾರಣವನ್ನು ವಕೀಲರೇ ಬಿಡಿಸಿ ಹೇಳುತ್ತಾರೆ. ಬೆಂಗಳೂರಿನ ಕಟ್ಟಡವೊಂದರಲ್ಲಿ ದುಡಿಯುವ ಒಡಿಶಾದ ಕೂಲಿಗೆ, ಮುಂಬೈಗೆ ದುಡಿಯಲು ಹೋದ ಕಲಬುರಗಿಯ ಯುವಕನಿಗೆ ಅದನ್ನು ಹೇಳುವವರು ಯಾರು? ತಿಳಿಯದ ಲಿಪಿಯ ಕಾಗದಕ್ಕೆ ಹೆಬ್ಬೆಟ್ಟು ಒತ್ತಿದವನು ಯಾವ ಆರೋಪವನ್ನು ಅಲ್ಲಗಳೆಯಬೇಕು?

1962ರಲ್ಲಿಯೇ ಹರಿಕಿಸನ್ ಪ್ರಕರಣದಲ್ಲಿ ಸಂವಿಧಾನ ಪೀಠದ ಮುಂದೆ ಈ ಪ್ರಶ್ನೆ ಬಂದಿತ್ತು. ಮುಂಜಾಗ್ರತಾ ಬಂಧನದಲ್ಲಿದ್ದ, ಇಂಗ್ಲಿಷ್ ಬಾರದ ಆತ ಕಾರಣಗಳ ಹಿಂದಿ ಪ್ರತಿ ಕೇಳಿದ್ದ. ಅಧಿಕಾರಿಗಳು ಕೊಡಲಿಲ್ಲ. ಅಧಿಕಾರಿಯೊಬ್ಬ ಬಾಯಲ್ಲಿ ಅನುವಾದಿಸಿ ಹೇಳಿದ್ದು ಸಾಲದೆಂದು ನ್ಯಾಯಾಲಯ ತೀರ್ಪಿತ್ತಿತು.

ಕೊಲೆ, ಅತ್ಯಾಚಾರಗಳಿಗೆ ಬಲಿಯಾದವರ ಕುಟುಂಬದ ನೋವು ಸಣ್ಣದಲ್ಲ. ಹಾಗೆಂದೇ ಪೊಲೀಸರು ಈ ನಿಯಮವನ್ನು ಚಾಚೂ ತಪ್ಪದೆ ಪಾಲಿಸಬೇಕು. ಒಂದು ಹಾಳೆ ಬರೆದುಕೊಡುವ ಅಲಕ್ಷ್ಯದಿಂದ ಬಂಧನ ಅಸಿಂಧುವಾದರೆ ಅದರ ಹೊಣೆ ನ್ಯಾಯಾಲಯದ್ದಲ್ಲ. ಲೋಪವನ್ನು ಸರಿಪಡಿಸಿ ಮತ್ತೆ ಕಸ್ಟಡಿ ಕೋರುವ ಅವಕಾಶವನ್ನೂ ನವೆಂಬರಿನ ತೀರ್ಪು ಉಳಿಸಿದೆ.

ನನ್ನ ಆತಂಕ ಬೇರೆಯದು. ಈ ತೀರ್ಪು ಜೀವ ಪಡೆಯಬೇಕಾದದ್ದು ಮ್ಯಾಜಿಸ್ಟ್ರೇಟರ ಎದುರಿನ ಆ ಕೆಲವೇ ನಿಮಿಷಗಳಲ್ಲಿ. ‘ನಿನ್ನನ್ನು ಏಕೆ ಹಿಡಿದರೆಂದು ಗೊತ್ತೇ? ಕೊಟ್ಟ ಕಾಗದ ಓದಲು ಬಂತೇ?’ ಎಂಬ ಎರಡು ಪ್ರಶ್ನೆಗಳನ್ನು ಪ್ರತಿ ರಿಮಾಂಡಿನಲ್ಲಿಯೂ ಕೇಳಿ, ಉತ್ತರವನ್ನು ದಾಖಲಿಸುವ ಪದ್ಧತಿ ಬರಬೇಕು. ಅನುವಾದಕರ ವ್ಯವಸ್ಥೆಯನ್ನು ಸರ್ಕಾರ ಠಾಣೆಗಳಿಗೆ ಒದಗಿಸಬೇಕು. ಇಲ್ಲವಾದರೆ ಈ ಹಕ್ಕು ವಕೀಲರನ್ನು ಇಟ್ಟುಕೊಳ್ಳಬಲ್ಲವರ ಸ್ವತ್ತಾಗಿಯೇ ಉಳಿದೀತು.